ಜೋಡಿ ಟಿಕೆಟ್ಟಿನ ಜೊತೆಗಾತಿ

“ಆ ತುದಿ ಸ್ವಲ್ಪ ಹಿಡ್ಕೊಳ್ತೀರಾ ಮೇಡಂ? ಒಬ್ಬಳೇ ಮಡಿಸಿದ್ರೆ ನೆಲಕ್ಕೆ ತಾಗುತ್ತೆ.”

ನಿಧಾನಿ ಮೇಡಂ ಕೈಚೀಲವನ್ನು ಮೇಜಿನ ಮೇಲಿಟ್ಟು ಹಾಸುಬಟ್ಟೆಯ ಎರಡು ಮೂಲೆಗಳನ್ನು ಹಿಡಿದುಕೊಂಡರು. ಇಸ್ತ್ರಿ ಯಂತ್ರದಿಂದ ಆಗಷ್ಟೇ ಹೊರಬಂದ ಬಟ್ಟೆ ಬೆರಳು ಚುರುಗುಟ್ಟುವಷ್ಟು ಬಿಸಿಯಾಗಿತ್ತು. ಆ ತುದಿಯಲ್ಲಿದ್ದವಳು ಒಮ್ಮೆ ಕೊಡವಿ, ಉದ್ದಕ್ಕೆ ಮಡಿಸಿ, ಮೂಲೆ ಸೇರಿಸಲು ನಡೆದು ಬಂದಳು. ಇಬ್ಬರ ಮುಖಗಳೂ ಗೇಣು ದೂರಕ್ಕೆ ಬಂದವು.

ಪ್ರಶ್ನೆ ಕೇಳುವುದಕ್ಕೆ ಇದು ಹೇಳಿ ಮಾಡಿಸಿದ ಜಾಗ. ಕುರ್ಚಿಯಲ್ಲಿ ಕೂರಿಸಿ ಕೇಳಿದರೆ ಜನ ಗೋಡೆ ನೋಡುತ್ತಾರೆ, ಉಗುರು ನೋಡುತ್ತಾರೆ. ಹಾಸುಬಟ್ಟೆ ಮಡಿಸುವವರಿಗೆ ಆ ಸೌಲಭ್ಯವಿಲ್ಲ. ಮಡಿಕೆಗೊಮ್ಮೆ ಎದುರಿನವರ ಕಣ್ಣೆದುರಿಗೆ ಬಂದು ನಿಲ್ಲಲೇಬೇಕು.

“ಪುಟ್ಟಿ ಎಲ್ಲಮ್ಮಾ?” ಎಂದರು ನಿಧಾನಿ ಮೇಡಂ.

“ನನಗೇನ್ ಗೊತ್ತು ಮೇಡಂ? ಏಜೆಂಟ್ ಹತ್ರ ಎಲ್ಲಾ ಹೇಳಿದೀನಲ್ಲ.”

ಪುಟ್ಟಿ ಕಣ್ಣಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಹುಡುಗಿ. ಹೋದ ವಾರ ಟ್ರಾವೆಲ್ ಏಜೆನ್ಸಿಯಲ್ಲಿ ಪರಿಚಯವಾದ ಈ ಲಾಂಡ್ರಿಯ ಹೆಂಗಸಿನ ಜೊತೆ ಅವತ್ತೇ ಹಡಗು ಹತ್ತಿ ಪರದೇಶಕ್ಕೆ ಹೋಗಿದ್ದಳು. ಜೊತೆಗಾತಿ ನಿನ್ನೆ ವಾಪಸ್ಸು ಬಂದಳು. ಪುಟ್ಟಿ ಬರಲಿಲ್ಲ.

ವಾರಕ್ಕೊಂದೇ ಹಡಗು. ನಾಳೆ ಬೆಳಿಗ್ಗೆ ಪುಟ್ಟಿ ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಬೇಕಿತ್ತು.

ನಿಧಾನಿ ಎಂಬುದು ಮೇಡಂಗೆ ಪೊಲೀಸ್ ಇಲಾಖೆಯಲ್ಲಿದ್ದಾಗ ಅಂಟಿಕೊಂಡ ಅಡ್ಡಹೆಸರು. ಕಳ್ಳ ಓಡಿಹೋದ ಮೇಲೆ ಬರುತ್ತಾರೆ ಎಂದು ಜೊತೆಯವರು ನಗುತ್ತಿದ್ದರು. ಹಾಗೆ ಓಡಿಹೋದವರು ಕೊನೆಗೆ ಸಿಕ್ಕಿಬೀಳುತ್ತಿದ್ದದ್ದು ಇವರ ಕೈಗೇ ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ನಿವೃತ್ತಿಯ ನಂತರ ಸ್ವಂತ ಪತ್ತೇದಾರಿ ಕಚೇರಿ ತೆರೆದರು. ಹೆಸರು ಮಾತ್ರ ಬೆನ್ನು ಬಿಡಲಿಲ್ಲ.

ನಿನ್ನೆ ಆ ಕಚೇರಿಗೆ ಬಂದು ಕಣ್ಣೀರು ಹಾಕಿದವರು ಪುಟ್ಟಿಯ ಅಣ್ಣ. ಡ್ರೈವಿಂಗ್ ಸ್ಕೂಲು ನಡೆಸುತ್ತಾರೆ, ಎಲ್ಲರ ಬಾಯಲ್ಲೂ ಮೇಷ್ಟ್ರು. ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಸಾಕಿದವರು.

ಕೆಲವು ತಿಂಗಳ ಹಿಂದೆ ಮೇಷ್ಟ್ರ ಪಾಠದ ಕಾರು ಒಬ್ಬ ಸೈಕಲ್ ಸವಾರನಿಗೆ ಗುದ್ದಿತ್ತು. ಆತ ಬದುಕಲಿಲ್ಲ. ಸ್ಟೀರಿಂಗ್ ಹಿಡಿದಿದ್ದವರು ಡ್ರೈವಿಂಗ್ ಕಲಿಯಲು ಬರುತ್ತಿದ್ದ ಒಬ್ಬ ನರ್ಸ್. ಪಾಠದ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕು ಇರುತ್ತದಲ್ಲ, ಅದನ್ನು ತುಳಿಯಬೇಕಾದವರು ಮೇಷ್ಟ್ರು.

ನಾನು ಬ್ರೇಕು ತುಳಿದೆ, ಆದರೆ ಆಕೆ ಗಾಬರಿಯಲ್ಲಿ ಆಕ್ಸಿಲರೇಟರ್ ಬಿಡಲೇ ಇಲ್ಲ ಎಂದು ಮೇಷ್ಟ್ರು ಹೇಳಿಕೆ ಕೊಟ್ಟರು. ಮೇಷ್ಟ್ರು ಕೂಗಿದ ಕೂಡಲೇ ಕಾಲೆತ್ತಿದ್ದೆ, ಅವರು ನಿಲ್ಲಿಸುತ್ತಾರೆ ಅಂದುಕೊಂಡೆ ಎಂದು ನರ್ಸ್ ಹೇಳಿದರು. ತಪಾಸಣೆಯವರು ಚಾಲಕರ ಸೀಟಿನಲ್ಲಿ ಕೂತು ಬ್ರೇಕು ಒತ್ತಿ ನೋಡಿ, ಗಾಡಿ ಸರಿಯಿದೆ ಎಂದು ಬರೆದುಕೊಟ್ಟರು. ಅಲ್ಲಿಗೆ ನರ್ಸ್ ಕಂಬಿ ಎಣಿಸುವುದು ಹೆಚ್ಚುಕಡಿಮೆ ಖಾತ್ರಿಯಾಯಿತು.

ಉಳಿದವಳು ಪುಟ್ಟಿ. ಅವತ್ತು ಹಿಂದಿನ ಸೀಟಿನಲ್ಲಿ ಕೂತಿದ್ದವಳು. ಏನು ನೋಡಿದೆ ಎಂದು ಪೊಲೀಸರು ಕೇಳಿದರೆ, ಕೋರ್ಟಿನಲ್ಲೇ ಹೇಳುತ್ತೇನೆ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

“ಅವಳು ಬಂದ್ರೆ ನನ್ನ ಮಾತನ್ನೇ ಹೇಳ್ತಾಳೆ ಮೇಡಂ,” ಎಂದು ಮೇಷ್ಟ್ರು ಬಿಕ್ಕಿದ್ದರು. “ಅದು ಆ ನರ್ಸಿನ ಕಡೆಯವರಿಗೆ ಬೇಕಿರ್ಲಿಲ್ಲ. ಯಾರನ್ನೋ ಗಂಟುಹಾಕಿ ಕಳಿಸಿದಾರೆ. ಕೇಸು ಹಾಳಾಗಿ ಹೋಗ್ಲಿ, ನನಗೆ ನನ್ನ ತಂಗಿ ಬೇಕು.”

ಕೇಳಿದವರ ಮನಸ್ಸು ಕರಗಿಸುವಂಥ ಮಾತು. ನಿಧಾನಿ ಮೇಡಂ ಅಲ್ಲೇ ಕೇಸು ಒಪ್ಪಿಕೊಂಡಿದ್ದರು.

ಎರಡನೇ ಹಾಸುಬಟ್ಟೆ ಬಂತು.

“ಬೆಳಿಗ್ಗೆ ಏಜೆಂಟ್ ಹತ್ರ ಹೋಗಿದ್ದೆ,” ಎಂದರು ಮೇಡಂ, ಮೂಲೆ ಎಳೆದು ಹಿಡಿದು. “ಅವರ ವ್ಯಾಪಾರ ನನಗೆ ಹೊಸದು. ಹಡಗು ಹೊರಡೋ ದಿನ ಬೆಳಿಗ್ಗೆ ಉಳಿದ ಸೀಟನ್ನ ಅಗ್ಗಕ್ಕೆ ಕೊಡ್ತಾರಂತೆ. ಆದ್ರೆ ಒಬ್ರೇ ಹೋದ್ರೆ ಎರಡು ಮಂಚದ ಬಾಡಿಗೆ ಕಟ್ಬೇಕು.”

“ಹೂಂ. ಅದಕ್ಕೇ ಒಂಟಿಯಾಗಿ ಬಂದೋರನ್ನ ಅಲ್ಲೇ ಜೋಡಿ ಮಾಡ್ತಾರೆ. ಜೋಡಿ ಟಿಕೆಟ್ ಅಂತ.”

“ಮದುವೆ ದಲ್ಲಾಳಿ ಕೆಲಸ.”

ಜೊತೆಗಾತಿ ನಕ್ಕಳು. ನಗು ಚೆನ್ನಾಗಿತ್ತು. ಮೂವತ್ತರ ಆಸುಪಾಸು, ಹಬೆಗೆ ಬೆಂದು ಕೆಂಪಗಾದ ಕೈಗಳು, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಹೋಟೆಲುಗಳಿಗೆ ಹಾಸುಬಟ್ಟೆ ಸಾಗಿಸುವ ವ್ಯಾನು ಓಡಿಸುವುದು ಅವಳ ಕೆಲಸ. ವ್ಯಾನಿಗೆ ಹೊರೆ ತುಂಬುವವರೆಗೆ ಮಡಿಸುವ ಮೇಜಿನಲ್ಲಿ ಕೈಜೋಡಿಸುತ್ತಿದ್ದಳು.

“ನೀನು ಬಾಗಿಲು ತೆಗೆಯೋ ಹೊತ್ತಿಗೇ ಬಂದು ಬೆಂಚಿನ ಮೇಲೆ ಕೂತಿದ್ದೆಯಂತೆ.”

“ಸೀಟು ಖಾಲಿಯಾಗ್ಬಾರ್ದಲ್ಲ ಮೇಡಂ.”

“ಯಾರೋ ಟೀಚರ್ ಬಂದು, ಜೋಡಿಯಾಗೋಣ್ವಾ ಅಂದ್ರಂತೆ. ನೀನು ಬೇಡ ಅಂದೆಯಂತೆ.”

ಬಟ್ಟೆ ಒಂದು ಕ್ಷಣ ಸಡಿಲವಾಯಿತು. ಮತ್ತೆ ಬಿಗಿಯಿತು.

“ಅವರು ವಯಸ್ಸಾದೋರು. ಗೊರಕೆ ಹೊಡೀತಾರೇನೋ ಅನ್ನಿಸ್ತು.”

“ಎಚ್ಚರ ಇದ್ದಾಗಲೇ ಗೊರಕೆ ಕೇಳಿಸ್ತಾ?”

ಅವಳು ಮಡಿಕೆ ಸೇರಿಸಲು ಮುಂದೆ ಬಂದಳು. ಮೇಡಂ ಕಣ್ಣು ಮಿಟುಕಿಸಲಿಲ್ಲ.

“ಆಮೇಲೆ ಪುಟ್ಟಿ ಒಳಗೆ ಕಾಲಿಟ್ಟ ತಕ್ಷಣ ನೀನೇ ಎದ್ದು ಹೋಗಿ ಮಾತಾಡಿಸಿದೆ. ಅವಳೂ ಒಂಟಿನಾ ಅಂತ ಕೇಳೋಕೆ ಮುಂಚೆನೇ.”

“ಒಳ್ಳೆ ಹುಡುಗಿ ಥರ ಕಂಡ್ಲು. ತಪ್ಪಾ?”

ತಪ್ಪಲ್ಲ. ಆದರೆ ಮೊದಲೇ ಮುಖ ಗೊತ್ತಿದ್ದವರು ಮಾಡುವ ಕೆಲಸ ಅದು. ಪುಟ್ಟಿ ಆ ಬೆಳಿಗ್ಗೆ ಅಲ್ಲಿಗೆ ಬರುತ್ತಾಳೆ ಎಂದು ಇವಳಿಗೆ ಹೇಳಿದವರು ಯಾರು? ಮೇಡಂ ನಿನ್ನೆ ಮಾತಾಡಿಸಿದ್ದ ಕ್ಲಿನಿಕ್ಕಿನ ಗೆಳತಿಯ ಪ್ರಕಾರ ಪುಟ್ಟಿಗೂ ಅದು ಹಿಂದಿನ ರಾತ್ರಿಯಷ್ಟೇ ಹೊಳೆದದ್ದು. ಕೇಸಿನ ಚಿಂತೆಯಲ್ಲಿ ಮುಖ ಇಳಿಬಿಟ್ಟುಕೊಂಡಿದ್ದವಳಿಗೆ, ನಾಲ್ಕು ದಿನ ಎಲ್ಲಾದರೂ ಹೋಗಿ ಬಾ, ವಿಚಾರಣೆಗೆ ಮುಂಚೆ ತಲೆ ಹಗುರಾಗುತ್ತೆ ಎಂದು ಯಾರೋ ಹೇಳಿದರಂತೆ. ಯಾರು ಎಂದು ಗೆಳತಿಗೂ ತಿಳಿದಿರಲಿಲ್ಲ.

ನಿಧಾನಿ ಮೇಡಂ ಆ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟರು.

“ಅವಳು ಕಾಣೆಯಾದ ದಿನದ್ದು ಇನ್ನೊಂದ್ಸಲ ಹೇಳು.”

“ವಾಪಸ್ಸು ಹೊರಡೋ ದಿನ ಬೆಳಿಗ್ಗೆ. ನಾನಿನ್ನೂ ಮಲಗಿದ್ದೆ. ಬ್ರೆಡ್ ತರ್ತೀನಿ ಅಂತ ಹೋದ್ಲು. ಬರ್ಲೇ ಇಲ್ಲ. ಬೀದಿ ಬೀದಿ ಹುಡುಕಿದೆ ಮೇಡಂ, ಬಂದರಿನಲ್ಲಿ ಕಾದೆ. ಹಡಗು ಕೂಗಿದ ಮೇಲೆ ನಾನೊಬ್ಬಳೇ ಹತ್ತಿದೆ.”

“ಇಬ್ಬರಿಗೂ ಸೇರಿ ಒಂದೇ ಬ್ಯಾಗಾ?”

“ಎರಡನೇ ಬ್ಯಾಗಿಗೆ ಬೇರೆ ದುಡ್ಡು ಕೇಳ್ತಾರೆ. ಇಬ್ಬರದ್ದೂ ಒಂದರಲ್ಲೇ ತುರುಕಿದ್ವಿ. ಅದನ್ನ ಹಾಗೇ ಏಜೆಂಟ್ ಹತ್ರ ಕೊಟ್ಟಿದೀನಿ. ಅವಳದ್ದೆಲ್ಲಾ ಅದರಲ್ಲೇ ಇದೆ, ಒಂದು ಕರವಸ್ತ್ರಾನೂ ಮುಟ್ಟಿಲ್ಲ.”

“ನೋಡಿದೆ. ಬಟ್ಟೆ ಇದೆ, ಬಾಚಣಿಗೆ ಇದೆ, ಚಪ್ಪಲಿ ಇದೆ. ಹಲ್ಲುಜ್ಜೋ ಬ್ರಷ್ ಇಲ್ಲ.”

ಜೊತೆಗಾತಿ ಸೇರಿಸಿದ್ದ ಮೂಲೆಗಳನ್ನೇ ಮತ್ತೆ ಸೇರಿಸಿದಳು.

“ಬ್ರೆಡ್ ತರೋಕೆ ಹೋಗೋರು ಹಲ್ಲುಜ್ಜೋ ಬ್ರಷ್ ತಗೊಂಡು ಹೋಗ್ತಾರೇನಮ್ಮಾ? ನಾನಂತೂ ಹೋಗಲ್ಲ.”

ಇಸ್ತ್ರಿ ಯಂತ್ರದ ಹಬೆ ಬುಸ್ಸೆಂದಿತು. ಪಕ್ಕದ ಮೇಜಿನವರು ದಿಂಬಿನ ಕವರುಗಳನ್ನು ಗೋಪುರದಂತೆ ಪೇರಿಸಿಕೊಂಡು ಹೊರಗೆ ಹೋದರು. ಕೋಣೆಯಲ್ಲಿ ಇಬ್ಬರೇ ಉಳಿದರು.

ನಿಧಾನಿ ಮೇಡಂಗೆ ಆ ಬ್ರಷ್ಷಿನಿಂದ ಎಷ್ಟೋ ಸಮಾಧಾನವಾಗಿತ್ತು. ಯಾರೋ ಎಳೆದುಕೊಂಡು ಹೋದವಳ ಬ್ರಷ್ಷು ಲೋಟದಲ್ಲೇ ಉಳಿಯುತ್ತದೆ. ಪುಟ್ಟಿ ತಾನಾಗಿಯೇ, ರಾತ್ರಿ ಎಲ್ಲೋ ತಂಗುವ ಲೆಕ್ಕ ಹಾಕಿಕೊಂಡೇ ಹೊರಟಿದ್ದಾಳೆ. ಯಾರಿಂದಲೋ ತಪ್ಪಿಸಿಕೊಂಡು. ಆ ಯಾರೋ ಈಗ ಎದುರಿಗೆ ಹಾಸುಬಟ್ಟೆ ಹಿಡಿದು ನಿಂತಿದ್ದಳು.

“ಜಗಳ ಆಡಿದ್ರಾ?”

“ದೇವರಾಣೆ ಇಲ್ಲ.” ಈ ಸಲ ಅವಳ ದನಿಯಲ್ಲಿ ನಟನೆ ಇರಲಿಲ್ಲ. “ನಾವು ಹೇಗಿದ್ವಿ ಗೊತ್ತಾ ಮೇಡಂ? ಹಡಗಿನ ಮೇಲ್ಗಡೆ ಒಂದೇ ಕಂಬಳಿ ಹೊದ್ದು ಕೂತು ಬೆಳಗಿನವರೆಗೂ ಹರಟಿದ್ವಿ. ಊಟದ ಖರ್ಚು ಉಳಿಸೋಕೆ ಒಂದು ತಟ್ಟೆ ತಗೊಂಡು ಇಬ್ಬರು ತಿಂತಿದ್ವಿ, ಸಪ್ಲೈಯರ್ ಮುಖ ಸಿಂಡರಿಸಿದ್ರೆ ಇನ್ನೂ ನಗು. ಅಲ್ಲಿ ಭಾಷೆ ಬರಲ್ಲ, ದಾರಿ ಗೊತ್ತಿಲ್ಲ, ಜೇಬಲ್ಲಿ ಕಾಸಿಲ್ಲ. ಆದ್ರೂ ಅಷ್ಟು ಚೆನ್ನಾಗಿದ್ದ ದಿನ ನನ್ನ ಜನ್ಮದಲ್ಲಿ ಬಂದಿರ್ಲಿಲ್ಲ.”

“ಆಮೇಲೇನಾಯ್ತು?”

“ಏನೂ ಆಗ್ಲಿಲ್ಲ. ಅದೇ ನನಗೂ ಅರ್ಥ ಆಗ್ತಿಲ್ಲ. ಕೊನೇ ದಿನದ ಹಿಂದಿನ ದಿನ ಒಂದು ಹಳೇ ಕಾರು ಬಾಡಿಗೆಗೆ ತಗೊಂಡ್ವಿ. ಬಸ್ಸಿಗಿಂತ ಅಗ್ಗ ಬಿತ್ತು. ಗುಡ್ಡದ ಮೇಲೆ ಹೋಗಿ ಬರೋಣ ಅಂತ. ಹೋಗೋವರೆಗೂ ಕಿಲಕಿಲ ಅಂತಿದ್ಲು. ಕಾರು ಹತ್ತಿದ ಮೇಲೆ ಗಪ್‌ಚಿಪ್. ಗುಡ್ಡದ ಮೇಲೆ ಫೋಟೋ ತೆಗೀಲಾ ಅಂದ್ರೂ ಬೇಡ. ರಾತ್ರಿ ಊಟಾನೂ ಬೇಡ.”

“ಕಾರು ಓಡಿಸಿದ್ದು ಯಾರು?”

“ನಾನೇ. ಅವಳಿಗೆ ಬರಲ್ವಲ್ಲ.”

“ದಾರೀಲಿ ಯಾರಾದ್ರೂ ಸಿಕ್ಕಿದ್ರಾ? ಫೋನ್ ಬಂತಾ? ನೀನೇನಾದ್ರೂ ಅಂದೆಯಾ?”

“ಇಲ್ಲ ಮೇಡಂ. ಕಾರು ಸ್ಟಾರ್ಟ್ ಮಾಡಿದೆ, ಅವಳ ಕಡೆ ತಿರುಗಿದೆ. ನನ್ನ ಮುಖಾನೇ ನೋಡ್ತಾ ಕೂತಿದ್ಲು. ಮೊದಲ ಸಲ ನೋಡ್ತಿರೋ ಥರ.”

ನಿಧಾನಿ ಮೇಡಂ ಮಡಿಸಿದ ಬಟ್ಟೆಯನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದರು. ಇವಳು ಬಹಳಷ್ಟು ಸುಳ್ಳು ಹೇಳಿದ್ದಾಳೆ, ಆದರೆ ಈ ಕೊನೆಯ ಮಾತು ಸುಳ್ಳಲ್ಲ. ಸುಳ್ಳು ಹೇಳುವವರು ಇಷ್ಟು ಅರ್ಥವಿಲ್ಲದ ಕಥೆ ಕಟ್ಟುವುದಿಲ್ಲ.

“ಪುಟ್ಟಿ ಅಣ್ಣ ಗೊತ್ತಾ ನಿನಗೆ?”

“ಇಲ್ಲ. ಅಣ್ಣ ಇದಾರೆ ಅಂತ ಅವಳೇ ಹೇಳಿದ್ದು. ಮುಖ ಕೂಡ ನೋಡಿಲ್ಲ.”

“ಆ ನರ್ಸು?”

“ಯಾವ ನರ್ಸು?”

ಎರಡನೆಯ ಉತ್ತರದಲ್ಲಿ ನಿಜವಾದ ಗೊಂದಲವಿತ್ತು. ಮೊದಲನೆಯದು ಬಾಯಿಪಾಠದಂತೆ ಬಂದಿತ್ತು. ಮೇಡಂ ಅದನ್ನು ಗಮನಿಸಿದರು, ಆದರೆ ಅದರಿಂದ ಏನು ಮಾಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಹೊರಗಿನಿಂದ ಮೇಲ್ವಿಚಾರಕರ ಕೂಗು ಕೇಳಿಸಿತು. ವ್ಯಾನು ತುಂಬಿತ್ತು.

“ಹೋಗ್ಬೇಕು ಮೇಡಂ. ಹೋಟೆಲ್‌ನೋರು ಕಾಯ್ತಾರೆ.” ತಲೆಗೆ ಕಟ್ಟಿದ ಬಟ್ಟೆಯನ್ನು ಬಿಚ್ಚುತ್ತಾ, ಅರೆಗಳಿಗೆ ನಿಂತಳು. “ಅವಳು ಸಿಕ್ಕಿದ್ರೆ ನನಗೂ ಒಂದು ಮಾತು ಹೇಳ್ತೀರಾ?”

ಮೇಡಂ ತಲೆಯಾಡಿಸಿದರು. ಇಬ್ಬರೂ ಹಿತ್ತಲಿನ ಅಂಗಳಕ್ಕೆ ಬಂದರು. ವ್ಯಾನಿನ ಹಿಂಬಾಗಿಲಿನವರೆಗೂ ಬಿಳಿ ಮೂಟೆಗಳು. ಜೊತೆಗಾತಿ ಚಾಲಕರ ಸೀಟಿಗೆ ಹತ್ತಿದಳು. ಮೇಡಂ ಕಿಟಕಿಯ ಪಕ್ಕ ನಿಂತರು. ಅವರಿಗೆ ಕೇಳಲು ಇನ್ನೇನೂ ಉಳಿದಿರಲಿಲ್ಲ, ಸುಮ್ಮನೆ ನಿಂತಿದ್ದರು. ನಿಧಾನಿಗಳ ಲಾಭವೇ ಅದು.

ಅವಳು ಮೇಲಿನ ಕನ್ನಡಿಯನ್ನು ಬೆರಳ ತುದಿಯಿಂದ ಸರಿಮಾಡಿದಳು. ಬೆಲ್ಟು ಎಳೆದು ಸಿಕ್ಕಿಸಿದಳು. ಎದೆ ತುಂಬ ಗಾಳಿ ಎಳೆದುಕೊಂಡು ಬಿಟ್ಟಳು. ತುಟಿಗಳು ತಾವಾಗಿಯೇ ಆಡಿದವು.

“ಕನ್ನಡಿ, ಬೆಲ್ಟು, ಉಸಿರು.”

ಆಮೇಲೆ ಕೀಲಿ ತಿರುಗಿಸಿದಳು.

ನಿಧಾನಿ ಮೇಡಂ ಕಿಟಕಿಯ ಅಂಚನ್ನು ಹಿಡಿದುಕೊಂಡರು.

ಅದೇ ಮೂರು ಮಾತುಗಳನ್ನು ಅವರು ಬೆಳಿಗ್ಗೆಯಷ್ಟೇ ಕೇಳಿದ್ದರು. ಮೇಷ್ಟ್ರು ತಮ್ಮ ಕಾರಿನಲ್ಲಿ ಮೇಡಂ ಅವರನ್ನು ಏಜೆನ್ಸಿಗೆ ಬಿಡಲು ಹೊರಟಾಗ, ಕನ್ನಡಿ ಮುಟ್ಟಿ, ಬೆಲ್ಟು ಸಿಕ್ಕಿಸಿ, ಉಸಿರು ಬಿಟ್ಟು, ಇದನ್ನೇ ಗಟ್ಟಿಯಾಗಿ ಹೇಳಿದ್ದರು. ಮೇಡಂ ನಕ್ಕಿದ್ದಕ್ಕೆ ಬೀಗಿದ್ದರು ಕೂಡ. “ಇದು ನನ್ನದೇ ಮಂತ್ರ ಮೇಡಂ. ಬೇರೆ ಯಾವ ಸ್ಕೂಲಲ್ಲೂ ಹೇಳ್ಕೊಡಲ್ಲ. ಬಾಯಿಬಿಟ್ಟು ಹೇಳದೆ ಕೀಲಿ ಮುಟ್ಟಿದ್ರೆ ಕೈ ಮೇಲೆ ಹೊಡೀತೀನಿ. ನನ್ನ ಶಿಷ್ಯರು ಮುದುಕರಾದ್ರೂ ಇದನ್ನ ಮರೆಯಲ್ಲ.”

ಮರೆತಿರಲಿಲ್ಲ.

ಹಾಗಾದರೆ ಆ ಬಾಡಿಗೆ ಕಾರಿನಲ್ಲೂ ಹೀಗೇ ಆಗಿರಬೇಕು. ಪರದೇಶದ ಯಾವುದೋ ಬೀದಿಯಲ್ಲಿ, ನಾಲ್ಕು ದಿನದಲ್ಲೇ ಅಕ್ಕನಂತಾಗಿಬಿಟ್ಟವಳು ಕನ್ನಡಿ ಮುಟ್ಟಿ, ಬೆಲ್ಟು ಸಿಕ್ಕಿಸಿ, ತನಗೇ ಗೊತ್ತಿಲ್ಲದಂತೆ ಅಣ್ಣನ ಮಂತ್ರ ಹೇಳಿದ್ದಾಳೆ. ಹುಟ್ಟಿದಾಗಿನಿಂದ ಅದನ್ನು ಕೇಳುತ್ತಾ ಬೆಳೆದ ಪುಟ್ಟಿ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದಾಳೆ.

ಮೇಡಂ ಕಿಟಕಿಯೊಳಗೆ ಕೈಹಾಕಿ ವ್ಯಾನಿನ ಕೀಲಿಯನ್ನು ತಿರುಗಿಸಿ ಆರಿಸಿದರು.

“ಡ್ರೈವಿಂಗ್ ಎಲ್ಲಿ ಕಲಿತೆ?”

“ಇಲ್ಲೇ... ಯಾವ್ದೋ ಸ್ಕೂಲು.”

“ಈಗ ಹೇಳಿದೆಯಲ್ಲ, ಆ ಮಂತ್ರ ಹೇಳ್ಕೊಡೋ ಸ್ಕೂಲು.”

“ಯಾವ ಮಂತ್ರ?”

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೇಡಂ ಆ ಮೂರು ಮಾತುಗಳನ್ನು ಮೆಲ್ಲಗೆ ಹೇಳಿದರು. ಕೇಳುತ್ತಾ ಕೇಳುತ್ತಾ ಜೊತೆಗಾತಿಯ ಮುಖದ ಬಣ್ಣ ಇಳಿಯಿತು. ಕೈ ಬಾಯಿಗೆ ಹೋಯಿತು.

“ಅಯ್ಯೋ,” ಎಂದಳು. “ಅದಕ್ಕೇನಾ ಅವಳು ಹಾಗೆ ನೋಡಿದ್ದು?”

ಅಲ್ಲಿಗೆ ಅವಳ ಕಟ್ಟೆ ಒಡೆಯಿತು.

“ಲೈಸೆನ್ಸ್ ಪರೀಕ್ಷೇಲಿ ನಾನು ಎರಡು ಸಲ ಫೇಲಾದೆ ಮೇಡಂ. ಮೂರನೇ ಸಲ ನನ್ನ ಬದಲು ಬೇರೆ ಯಾರನ್ನೋ ಕೂರಿಸಿ ಪಾಸ್ ಮಾಡಿಸಿದ್ರು ಮೇಷ್ಟ್ರು. ಆ ಉಪಕಾರಕ್ಕೆ ಈಗ ಲೆಕ್ಕ ಕೇಳಿದ್ರು. ಜೋಡಿಯಾಗಿ ಹೋಗು, ನಗುನಗ್ತಾ ಇರು, ವಾಪಸ್ಸು ಬರೋ ಹಡಗು ತಪ್ಪಿಸು, ಅಷ್ಟೇ ಅಂದ್ರು. ಅವಳಿಗೆ ಕೂದಲೂ ಕೊಂಕಬಾರ್ದು ಅಂತ ಕೈಮುಗಿದು ಹೇಳಿದ್ರು. ಒಂದು ವಾರ ತಡವಾಗಿ ಬಂದ್ರೆ ಯಾರಿಗೇನು ನಷ್ಟ ಅಂದ್ಕೊಂಡೆ. ಕೋರ್ಟಿನ ವಿಷಯ ನನಗೆ ಹೇಳ್ಲೇ ಇಲ್ಲ.”

“ಹಡಗು ಹೇಗೆ ತಪ್ಪಿಸೋಳಿದ್ದೆ?”

“ಅವಳ ಪಾಸ್‌ಪೋರ್ಟ್ ತೆಗೆದು ನನ್ನ ದಿಂಬಿನ ಕವರೊಳಗೆ ಇಟ್ಟಿದ್ದೆ. ಕಾಣೆಯಾಗಿದೆ ಅಂದ್ರೆ ಹಡಗು ಹತ್ತಿಸಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಅವಳೂ ಇಲ್ಲ, ಪಾಸ್‌ಪೋರ್ಟೂ ಇಲ್ಲ.” ಕಣ್ಣೊರೆಸಿಕೊಂಡಳು. “ನಾನು ಮಲಗಿದ್ದ ದಿಂಬಿನಿಂದಲೇ ತೆಗ್ದಿದಾಳೆ ಮೇಡಂ. ಒಂದು ಮಾತು ಬೈಬಹುದಿತ್ತು. ಅದೂ ಬೈಲಿಲ್ಲ.”

ಪಾಸ್‌ಪೋರ್ಟ್ ಕೈಯಲ್ಲಿದ್ದೂ ಪುಟ್ಟಿ ಹಡಗು ಹತ್ತಲಿಲ್ಲ. ಅದರಲ್ಲಿ ಇವಳಿರುತ್ತಾಳೆ, ಇಳಿಯುವ ಬಂದರಿನಲ್ಲಿ ಅಣ್ಣ ಇರುತ್ತಾನೆ. ಉಳಿದದ್ದು ನೆಲದ ದಾರಿ. ಬಸ್ಸು ಬದಲಿಸುತ್ತಾ, ಗಡಿ ದಾಟುತ್ತಾ, ಕೊಲ್ಲಿಯನ್ನು ಸುತ್ತಿ ಬರುವ ದಾರಿ. ಎಲ್ಲ ಬಸ್ಸುಗಳೂ ಸರಿಯಾಗಿ ಸಿಕ್ಕಿದ್ದರೆ ಅವಳು ಇವತ್ತು ಊರು ಮುಟ್ಟಬೇಕು.

ಪುಟ್ಟಿಗೆ ಹೋಗಿ ಬಾ ಎಂದವರೂ ಮೇಷ್ಟ್ರೇ ಇರಬೇಕು. ಅವಳು ಹೀಗೆ ಬಂದುಬಿಡಬಹುದೆಂದೇ ಪತ್ತೇದಾರರ ಬಾಗಿಲು ಬಡಿದಿದ್ದರು. ತಂಗಿ ಎಲ್ಲಿ ಎಂಬ ಆತಂಕ ಸುಳ್ಳಲ್ಲ. ಆದರೆ ಅವಳು ಕೋರ್ಟು ಮುಟ್ಟುವ ಮೊದಲೇ ಸಿಗಬೇಕಿತ್ತು. ಆ ಕೆಲಸವನ್ನು ನಿಧಾನಿ ಮೇಡಂ ನಿನ್ನೆಯಿಂದ ಶ್ರದ್ಧೆಯಿಂದ ಮಾಡಿಕೊಡುತ್ತಿದ್ದರು. ಯೋಚಿಸಿದಷ್ಟೂ ಅವರ ಕಿವಿ ಬಿಸಿಯಾಯಿತು. ಸಿಟ್ಟು ಮೇಷ್ಟ್ರ ಮೇಲೆ ಎಷ್ಟೋ, ತಮ್ಮ ಮೇಲೂ ಅಷ್ಟೇ.

“ನಾಳೆ ಇದನ್ನೇ ಕೋರ್ಟಲ್ಲಿ ಹೇಳ್ತೀಯಾ?”

“ಲೈಸೆನ್ಸ್ ಹೋಗುತ್ತೆ. ಕೆಲಸಾನೂ ಹೋಗುತ್ತೆ.”

“ಹೋಗುತ್ತೆ,” ಎಂದರು ಮೇಡಂ. ಸುಳ್ಳು ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ.

ಜೊತೆಗಾತಿ ಮಂತ್ರವಿಲ್ಲದೆ ಕೀಲಿ ತಿರುಗಿಸಿ ಹೊರಟುಹೋದಳು.

ಲಾಂಡ್ರಿಯ ಮುಂದ್ಗಡೆ ಗೇಟು ದಾಟಿದ ಮೇಡಂ ಅಲ್ಲೇ ನಿಂತರು. ಕೆಂಪು ‘ಎಲ್’ ಬೋರ್ಡಿನ ಕಾರು ರಸ್ತೆ ಬದಿಯಲ್ಲಿ ಕಾದಿತ್ತು.

“ಬನ್ನಿ ಮೇಡಂ,” ಎಂದು ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿದರು. “ಈ ಬಿಸಿಲಲ್ಲಿ ಬಸ್ಸಿಗೆ ಎಲ್ಲಿ ಕಾಯ್ತೀರಿ?”

ಜೊತೆಗಾತಿಯ ಹೆಸರು ಗೊತ್ತಿಲ್ಲ, ವಿಳಾಸ ಗೊತ್ತಿಲ್ಲ ಎಂದು ನಿನ್ನೆಯಿಂದ ತಲೆ ಚಚ್ಚಿಕೊಳ್ಳುತ್ತಿದ್ದ ಮನುಷ್ಯ. ಏಜೆಂಟ್ ಕೊಟ್ಟ ಲಾಂಡ್ರಿಯ ಹೆಸರನ್ನು ಮೇಡಂ ಮೇಷ್ಟ್ರಿಗೆ ಹೇಳಿರಲೇ ಇಲ್ಲ.

ಕಾಲ್ಕೀಳಬಹುದಿತ್ತು. ಆದರೆ ಮೇಷ್ಟ್ರು ಬಸ್‌ಸ್ಟ್ಯಾಂಡಿನ ಕಡೆ ಸುಳಿಯದಂತೆ ನೋಡಿಕೊಳ್ಳಬೇಕಾದರೆ ಅವರ ಪಕ್ಕದಲ್ಲೇ ಇರುವುದು ಮೇಲು. ಮೇಡಂ ಮುಂದಿನ ಬಾಗಿಲು ತೆರೆದರು.

“ಹಿಂದೆ ಕೂತ್ಕೊಳ್ಳಿ ಮೇಡಂ. ಮುಂದಿನ ಸೀಟು ಸರಿಯಿಲ್ಲ, ಸೊಂಟ ಹಿಡಿಯುತ್ತೆ.”

“ಬೆಳಿಗ್ಗೆ ಹಿಂದೆ ಕೂತೇ ಹಿಡ್ದಿರೋದು.”

ಮೇಡಂ ಕೂತು ಕಾಲು ಚಾಚಿದರು. ಅಡಿಯಲ್ಲಿ ಪಾಠದ ಬ್ರೇಕಿನ ಪೆಡಲು ತಾಗಿತು. ಏನೇ ಬಂದರೂ ಇದೊಂದು ಇದೆ ಎಂದು ಅವರಿಗೆ ಧೈರ್ಯವಾಯಿತು.

“ಕನ್ನಡಿ, ಬೆಲ್ಟು, ಉಸಿರು,” ಎಂದು ಮೇಷ್ಟ್ರು ಗಾಡಿ ಹೊರಡಿಸಿದರು. “ಏನಂದ್ಲು ಅವಳು?”

“ಏನೂ ಇಲ್ಲ. ಬ್ರೆಡ್ ತರೋಕೆ ಹೋದವಳು ಬರ್ಲಿಲ್ಲ ಅಂತ ಹಳೇ ರಾಗ.”

“ನಾನು ಹೇಳಿದ್ನಲ್ಲ, ನರ್ಸಿನ ಕಡೆಯೋರದ್ದೇ ಕೆಲಸ.”

“ಇರ್ಬಹುದು.”

ಮೇಡಂ ಕೈಚೀಲದಲ್ಲಿ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಎತ್ತದಿದ್ದರೆ ಅನುಮಾನ, ಎತ್ತಿದರೆ ಏನೋ. ಕಿವಿಗೆ ಒತ್ತಿ ಹಿಡಿದರು.

“ಪತ್ತೇದಾರಿ ಮೇಡಂ ಅಲ್ವಾ? ಕ್ಲಿನಿಕ್ಕಿನ ಗೆಳತಿ ನಿಮ್ಮ ನಂಬರ್ ಕೊಟ್ಲು.” ದಣಿದ, ಎಳೆಯ ದನಿ. ಹಿಂದೆ ಬಸ್ಸುಗಳ ಹಾರನ್ನು. “ನಾನು ಪುಟ್ಟಿ. ಈಗ ತಾನೇ ಇಳಿದೆ. ಬಸ್‌ಸ್ಟ್ಯಾಂಡಲ್ಲಿದೀನಿ. ಅಣ್ಣನಿಗೆ ಮಾತ್ರ ಹೇಳ್ಬೇಡಿ, ಪ್ಲೀಸ್.”

ಬದುಕಿದ್ದಾಳೆ. ಮೇಡಂ ಕಣ್ಣು ತುಂಬಿ ಬಂತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು.

“ರಾಂಗ್ ನಂಬರ್ ಅಮ್ಮಾ,” ಎಂದರು. “ಪೊಲೀಸ್ ಚೌಕಿ ಪಕ್ಕದಲ್ಲೇ ಇರುತ್ತೆ, ಅಲ್ಲಿ ಕೇಳಿ.”

ಫೋನು ಚೀಲಕ್ಕೆ ಸೇರಿತು. ಮೇಷ್ಟ್ರು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಪಾಠದ ಪುಸ್ತಕದಲ್ಲಿ ಇರುವ ಹಾಗೆ ತಿರುವು ತೆಗೆದುಕೊಂಡರು. ಮೇಡಂ ಕಚೇರಿಯ ದಾರಿ ಹಿಂದೆ ಉಳಿಯಿತು.

“ಇದು ಬಸ್‌ಸ್ಟ್ಯಾಂಡ್ ರಸ್ತೆ ಅಲ್ವಾ ಮೇಷ್ಟ್ರೇ?”

“ಅವಳ ಜಡೆ ಹಾಕ್ತಿದ್ದೋನು ನಾನು ಮೇಡಂ,” ಎಂದರು ಮೇಷ್ಟ್ರು. ದನಿ ಶಾಂತವಾಗಿತ್ತು, ಕೆನ್ನೆ ಒದ್ದೆಯಾಗಿತ್ತು. “ಜ್ವರ ಬಂದ್ರೆ ರಾತ್ರಿಯೆಲ್ಲಾ ಎತ್ಕೊಂಡು ಕೂರ್ತಿದ್ದೆ. ಫೋನಿಂದ ಹೊರಗೆ ಬಂದ್ರೂ ಅವಳ ಧ್ವನಿ ನನಗೆ ಗೊತ್ತಾಗಲ್ವಾ?”

“ಗಾಡಿ ನಿಲ್ಸಿ.”

“ಒಂದೇ ಒಂದು ಮಾತು ಅವಳ ಹತ್ರ ಆಡ್ಬೇಕು. ಆಮೇಲೆ ನೀವೇ ಕರ್ಕೊಂಡು ಹೋಗಿ.”

“ಮೇಷ್ಟ್ರೇ, ನಿಲ್ಸಿ ಅಂದೆ!”

ಕಾರಿನ ವೇಗ ಏರಿತು. ರಸ್ತೆ ಬದಿಯ ಅಂಗಡಿಗಳು ಸರ್ರನೆ ಹಿಂದಕ್ಕೆ ಓಡಿದವು. ಮುಂದೆ ಅಡ್ಡರಸ್ತೆಯಿಂದ ಒಂದು ಸೈಕಲ್ಲು ನಿರಾಳವಾಗಿ ಹೊರಬರುತ್ತಿತ್ತು. ಹ್ಯಾಂಡಲಿಗೆ ತೂಗುಹಾಕಿದ ಚೀಲ, ಅಕ್ಕಪಕ್ಕ ನೋಡದ ಸವಾರ.

ನಿಧಾನಿ ಮೇಡಂ ಜೀವಮಾನದಲ್ಲಿ ಯಾವ ಕೆಲಸವನ್ನೂ ಇಷ್ಟು ಬೇಗ ಮಾಡಿರಲಿಲ್ಲ. ಎರಡೂ ಕಾಲೆತ್ತಿ ಪಾಠದ ಬ್ರೇಕಿನ ಮೇಲೆ ಅಪ್ಪಳಿಸಿದರು.

ಪೆಡಲು ಸಲೀಸಾಗಿ ಇಳಿದು ನೆಲಕ್ಕೆ ತಾಗಿತು. ಕಾರು ಹೋಗುತ್ತಲೇ ಇತ್ತು.

“ಅದು ಹಿಡಿಯಲ್ಲ ಮೇಡಂ,” ಎಂದರು ಮೇಷ್ಟ್ರು, ಸೈಕಲ್ಲಿನಿಂದ ಕಣ್ಣು ಕೀಳದೆ. “ಪುಟ್ಟಿ ನೋಡಿದಾಳೆ. ಅವತ್ತೂ ಹಿಡೀಲಿಲ್ಲ.”